ಎರಡೂಕಾಲು ಇಂಚಿನ ಮ್ಯಾಗ್ನಮ್ ರಿವಾಲ್ವರ್‌ಗೆ ಯಾವ ಹ್ಯಾಂಡ್‌ಲೋಡ್: ಒಂದು ಪ್ರಕರಣ

ಮೂರು ಈಡು ಸರಿಯಾಗಿ ಹೋಯ್ತು, ನಾಲ್ಕನೇದಕ್ಕೆ ಟ್ರಿಗರ್ ಅರ್ಧಕ್ಕೇ ನಿಂತುಬಿಡ್ತು. ನನ್ನ ಷಡ್ಕ ಇನ್ನೂ ಜೋರಾಗಿ ಎಳೆಯೋಕೆ ಹೋದ, ನಾನು ಬೇಡ ಅಂದೆ, ಗನ್ನಿನ ಮೂತಿ ಗುರಿ ಕಡೆಗೇ ಇಟ್ಕೊಂಡು ಒಂದು ನಿಮಿಷ ಹಾಗೇ ನಿಂತ್ವಿ. ಆಮೇಲೆ ಪಕ್ಕದಿಂದ ನೋಡಿದ್ರೆ ಸಿಲಿಂಡರಿನ, ಅಂದ್ರೆ ತೋಟಾ ಕೂರೋ ತಿರುಗೋ ಡ್ರಮ್ಮಿನ, ಮುಂದಿನ ಮುಖದಿಂದ ಒಂದು ಗುಂಡು ಹೊರಗೆ ಮೂತಿ ಹಾಕ್ಕೊಂಡು ನಳಿಗೆ ಬುಡಕ್ಕೆ ಒತ್ಕೊಂಡು ಕೂತಿದೆ, ಸಿಲಿಂಡರ್ ಆ ಕಡೆಗೂ ತಿರುಗಲ್ಲ ಈ ಕಡೆಗೂ ತಿರುಗಲ್ಲ. ರೇಂಜಲ್ಲಿ ಆಗಿದ್ದಕ್ಕೆ ಸರಿಹೋಯ್ತು. ಇದೇ ಗನ್ನು ಕಾಡಲ್ಲಿ ನಡೆಯೋವಾಗ ಸೊಂಟಕ್ಕೆ ಅಂತ ತಗೊಂಡಿದ್ದು, ಅಲ್ಲಿ ಹೀಗಾಗಿದ್ರೆ ಕೈಯಲ್ಲಿ ಮುಕ್ಕಾಲು ಕಿಲೋ ಕಬ್ಬಿಣ ಬಿಟ್ರೆ ಬೇರೇನೂ ಇರ್ತಿರ್ಲಿಲ್ಲ.

ಈ ಒಂದು ಗನ್ನಿಗೆ ಸರಿಯಾದ ಹ್ಯಾಂಡ್‌ಲೋಡ್, ಅಂದ್ರೆ ಹಿತ್ತಾಳೆ ಕೇಸಿಗೆ ಪ್ರೈಮರ್ (ಮದ್ದು ಹೊತ್ತಿಸೋ ಕೇಪು), ಮದ್ದು, ಗುಂಡು ಕೂರಿಸಿ ಮನೆಯಲ್ಲೇ ಮಾಡ್ಕೊಳ್ಳೋ ತೋಟಾ, ಹುಡುಕೋಕೆ ನಮಗೆ ಹತ್ತಿರ ಹತ್ತಿರ ನಾಲ್ಕು ತಿಂಗಳು ಹಿಡೀತು, ಅದನ್ನ ಪೂರ್ತಿ ಬರೀತಾ ಇದೀನಿ. ಒಂದು ಮಾತು ಮೊದಲೇ ಹೇಳ್ತೀನಿ, ಮದ್ದು ಎಷ್ಟು ಗ್ರೇನ್ (ಒಂದು ಗ್ರಾಮಿಗೆ ಸುಮಾರು 15 ಗ್ರೇನ್) ಹಾಕಿದ್ವಿ ಅನ್ನೋ ಅಂಕಿ ಇದರಲ್ಲಿ ಎಲ್ಲೂ ಇರಲ್ಲ. ಅದನ್ನ ಮದ್ದಿನ ಕಂಪನಿಯವರ ಮ್ಯಾನ್ಯುಯಲ್ಲಿಂದಾನೇ ತಗೋಬೇಕು, ಯಾರೋ ಬರೆದಿದ್ದನ್ನ ನೋಡಿ ತಗೋಬಾರದು, ಅದು ನಾನು ಬರೆದಿದ್ದಾದ್ರೂ ಸರಿ.

ನಾವಿರೋದು ಅರಿಜೋನಾದಲ್ಲಿ. ಷಡ್ಕನಿಗೂ ನಾದಿನಿಗೂ ಮೊಗೊಯಾನ್ ರಿಮ್ ಅನ್ನೋ ಉದ್ದದ ಬೆಟ್ಟದಂಚಿನ ಕಡೆ, ಪೇಸನ್‌ನಿಂದ ಮೇಲಕ್ಕೆ, ಪಾಂಡೆರೋಸಾ ಪೈನ್ ಕಾಡಲ್ಲಿ ನಡೆಯೋ ಹುಚ್ಚು. ಅಲ್ಲಿ ಕರಿ ಕರಡಿ ಇದೆ, ಮೌಂಟನ್ ಲಯನ್ ಇದೆ, ಕೆಳಗಿನ ಕಡೆ ರ್‍ಯಾಟಲ್ ಹಾವು. ಇಬ್ಬರೂ ಸಿಟಿಜನ್ ಆದ್ಮೇಲೆ ತಗೊಂಡ ಗನ್ನು ಇದು. ಇಲ್ಲಿ ಓದೋರಲ್ಲಿ ಎಚ್‌1ಬಿ ಮೇಲೆ ಇರೋರು ಬಹಳ ಜನ ಇರ್ತೀರ ಅದಕ್ಕೇ ಹೇಳ್ತೀನಿ, ನಾನ್‌ಇಮಿಗ್ರೆಂಟ್ ವೀಸಾದಲ್ಲಿ ಇರೋರು ಗನ್ನಾಗಲಿ ತೋಟಾ ಆಗಲಿ ಇಟ್ಕೊಳ್ಳೋದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ, ಹಂಟಿಂಗ್ ಲೈಸೆನ್ಸಿನಂಥ ಕೆಲವು ವಿನಾಯಿತಿ ಇದೆ ಆದ್ರೆ ಲಾಯರನ್ನ ಕೇಳದೆ ಅದಕ್ಕೆ ಕೈ ಹಾಕ್ಬೇಡಿ. ಗ್ರೀನ್‌ಕಾರ್ಡ್ ಇರೋರಿಗೆ ಈ ನಿಷೇಧ ಇಲ್ಲ. ತನ್ನ ಬಳಕೆಗೆ ತಾನೇ ತೋಟಾ ತುಂಬ್ಕೊಳ್ಳೋಕೆ ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರೋ ವ್ಯವಹಾರಕ್ಕಾದ್ರೆ ಬೇಕೇ ಬೇಕು. ಊರಲ್ಲಿ ಕಥೆ ಬೇರೆ, 1959ರ ಆರ್ಮ್ಸ್ ಆಕ್ಟಿನ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋ ಹಾಗೇ ಇಲ್ಲ, ಬೆಳೆ ರಕ್ಷಣೆ ಲೈಸೆನ್ಸ್ ಇದೆ ಅಂತ ಮನೆಯಲ್ಲಿ ತೋಟಾ ತುಂಬೋಕೆ ಕೂರಬೇಡಿ.

ಗನ್ನು ರುಗರ್ ಎಸ್‌ಪಿ101, ಪೂರ್ತಿ ಸ್ಟೀಲು, 357 ಮ್ಯಾಗ್ನಮ್, ಐದು ತೋಟಾ ಹಿಡಿಯತ್ತೆ, ನಳಿಗೆ ಎರಡೂಕಾಲು ಇಂಚು, ತೂಕ 26 ಔನ್ಸ್ ಅಂದ್ರೆ 740 ಗ್ರಾಂ ಹತ್ತಿರ. ಗಟ್ಟಿ ಗನ್ನು, ಅದರಲ್ಲಿ ತಪ್ಪೇನೂ ಇರ್ಲಿಲ್ಲ. ತಪ್ಪಿದ್ದದ್ದು ತೋಟಾದಲ್ಲಿ. ರೇಂಜಲ್ಲಿ ಪರಿಚಯ ಆದ ಒಬ್ಬರು ಪ್ರೀತಿಯಿಂದಾನೇ ಒಂದು ಡಬ್ಬ ಕೊಟ್ಟಿದ್ರು, 50 ತೋಟಾ, ಮೇಲೆ ಪೆನ್ನಲ್ಲಿ '357 ಹಾಟ್' ಅಂತ ಮಾತ್ರ ಬರೆದಿತ್ತು. ಯಾವ ಮದ್ದು, ಎಷ್ಟು, ಯಾವ ಪ್ರೈಮರ್, ಯಾವತ್ತು ತುಂಬಿದ್ದು, ಏನೂ ಇಲ್ಲ.

ಮನೆಗೆ ತಂದು ಉಳಿದದ್ದರಲ್ಲಿ ಎರಡನ್ನ ಸುತ್ತಿಗೆ ಥರದ ಬುಲೆಟ್ ಪುಲ್ಲರಲ್ಲಿ ಬಿಚ್ಚಿದೆ. ಸಾಮಾನ್ಯವಾಗಿ ಚೆನ್ನಾಗಿ ಕ್ರಿಂಪ್ ಮಾಡಿದ, ಅಂದ್ರೆ ಕೇಸಿನ ಬಾಯಿ ಗುಂಡಿನ ಮೇಲೆ ಮಡಚಿ ಬಿಗಿ ಮಾಡಿದ, ಮ್ಯಾಗ್ನಮ್ ತೋಟಾ ಬಿಚ್ಚೋಕೆ ಐದಾರು ಏಟು ಗಟ್ಟಿಯಾಗಿ ಕುಟ್ಟಬೇಕು. ಇದು ಎರಡನೇ ಏಟಿಗೇ ಬಂದುಬಿಡ್ತು. ಕೇಸಿನ ಬಾಯಿ ನೋಡಿದ್ರೆ ಕ್ರಿಂಪ್ ಅನ್ನೋದು ಹೆಸರಿಗೆ ಮಾತ್ರ, ಗುಂಡಿನ ಮೇಲಿರೋ ಗೀರು ಪಟ್ಟಿಯೊಳಕ್ಕೆ ಹಿತ್ತಾಳೆ ಮಡಚ್ಕೊಂಡಿರ್ಬೇಕಿತ್ತು, ಇದು ಪಟ್ಟಿಯ ಅಂಚಿಗೆ ತಾಗಿ ನಿಂತಿತ್ತು ಅಷ್ಟೆ. ಕೇಸುಗಳ ಉದ್ದ ಅಳೆದೆ, ಒಂದಕ್ಕೊಂದು ತಾಳೆ ಇಲ್ಲ. 357 ಕೇಸಿನ ಗರಿಷ್ಠ ಉದ್ದ 1.290 ಇಂಚು, ಕ್ರಿಂಪ್ ಮಾಡೋ ಅಚ್ಚಿನ (ಡೈ) ಒಂದೇ ಸೆಟ್ಟಿಂಗಲ್ಲಿ ಉದ್ದ ಕೇಸಿಗೆ ಜಾಸ್ತಿ ಕ್ರಿಂಪ್ ಬೀಳತ್ತೆ, ಗಿಡ್ಡ ಕೇಸಿಗೆ ಬೀಳೋದೇ ಇಲ್ಲ, ಆ ಪುಣ್ಯಾತ್ಮ ಟ್ರಿಮ್ ಮಾಡದೆ, ಅಂದ್ರೆ ಕತ್ತರಿಸಿ ಒಂದೇ ಉದ್ದಕ್ಕೆ ತರದೆ, ಎಲ್ಲಾನೂ ಒಂದೇ ಸಲ ಓಡಿಸಿದಾರೆ. ಒಳಗಿದ್ದ ಮದ್ದು ಸಣ್ಣ ಗೋಲಿ ಥರದ್ದು. ನೋಡಿ ಇಂಥದ್ದೇ ಅಂತ ಹೇಳೋಕೆ ಹೋಗ್ಬಾರ್ದು, ಕಣ್ಣಿಗೆ ಒಂದೇ ಥರ ಕಾಣೋ ಎರಡು ಮದ್ದು ಉರಿಯೋ ರೀತಿಯಲ್ಲಿ ಆಕಾಶ ಭೂಮಿ ವ್ಯತ್ಯಾಸ ಇರತ್ತೆ. ಉಳಿದ ತೋಟಾ ಎಲ್ಲಾ ಬಿಚ್ಚಿ ಹಾಕಿದ್ವಿ, ಒಂದನ್ನೂ ಹೊಡೀಲಿಲ್ಲ.

ಗುಂಡು ಹೊರಗೆ ಬರೋದು ಯಾಕೆ ಅಂತ ಷಡ್ಕ ಕೇಳ್ದ. ಈಡು ಹೊಡೆದಾಗ ಗನ್ನು ಹಿಂದಕ್ಕೆ ಹಾರತ್ತೆ, ಜೊತೆಗೆ ಉಳಿದ ತೋಟಾಗಳ ಹಿತ್ತಾಳೆ ಕೇಸನ್ನೂ ಹಿಂಬದಿಯ ರಿಮ್ ಹಿಡಿದು ಎಳ್ಕೊಂಡು ಹೋಗತ್ತೆ, ಆದ್ರೆ ಕೇಸಿನೊಳಗೆ ಕೂತಿರೋ ಹತ್ತು ಗ್ರಾಂ ಗುಂಡು ಇದ್ದಲ್ಲೇ ಇರೋಕೆ ನೋಡತ್ತೆ. ಬಸ್ಸು ದಿಢೀರಂತ ಮುಂದೆ ನುಗ್ಗಿದಾಗ ನಿಂತೋರು ಹಿಂದಕ್ಕೆ ವಾಲ್ತಾರಲ್ಲ ಹಾಗೆ. ಗುಂಡನ್ನ ಹಿಡಿದಿಡೋದು ಎರಡೇ, ಕೇಸಿನ ಗೋಡೆಯ ಬಿಗಿ ಮತ್ತೆ ಕ್ರಿಂಪು. ಗನ್ನು ಹಗುರ ಆದಷ್ಟೂ, ಗುಂಡು ಭಾರ ಆದಷ್ಟೂ ಈ ಎಳೆತ ಜಾಸ್ತಿ. 12 ಔನ್ಸಿನ ಸ್ಕ್ಯಾಂಡಿಯಂ (ಹಗುರ ಮಿಶ್ರಲೋಹ) ಗನ್ನುಗಳಲ್ಲಂತೂ ಇದು ದೊಡ್ಡ ತಲೆನೋವು, ನಮ್ಮದು ಸ್ಟೀಲಾದ್ರೂ ಕ್ರಿಂಪ್ ಇಲ್ದೆ ಇದ್ದಿದ್ರಿಂದ ಮೂರೇ ಈಡಿಗೆ ಸಿಕ್ಕಾಕ್ಕೊಂಡ್ತು.

ನಮ್ಮ ಅಜ್ಜನ ಹತ್ರ ಕೇಪಿನ ಕೋವಿ ಇತ್ತು, ಸಕಲೇಶಪುರದ ಕಡೆ. ಮದ್ದು ಹಾಕಿ, ತೆಂಗಿನ ನಾರು ಗಿಡಿದು, ಗಜದಲ್ಲಿ ಕುಟ್ಟೋವಾಗ ನಮ್ಮನ್ನ ಹತ್ರ ಬರೋಕೂ ಬಿಡ್ತಿರ್ಲಿಲ್ಲ, ಮಾತೂ ಆಡ್ತಿರ್ಲಿಲ್ಲ. ನಾನು ತೋಟಾ ತುಂಬೋ ಪ್ರೆಸ್ ಮುಂದೆ ಕೂತಾಗ ಫೋನ್ ಬೇರೆ ರೂಮಲ್ಲಿ ಇಡೋದು ಅದರಿಂದಲೇ ಬಂದದ್ದು.

ಈಗ ಮುಖ್ಯ ಪ್ರಶ್ನೆ, ಇಷ್ಟು ಗಿಡ್ಡ ನಳಿಗೆಗೆ ಯಾವ ಥರದ ತೋಟಾ. ಷಡ್ಕನ ತಲೆಯಲ್ಲಿ ಇದ್ದದ್ದು ಮ್ಯಾಗ್ನಮ್ ಅಂದ್ರೆ ಸೆಕೆಂಡಿಗೆ 1,500 ಅಡಿ ಅನ್ನೋ ಅಂಕಿ. ಅದು ಸುಳ್ಳಲ್ಲ, 1935ರಲ್ಲಿ ಸ್ಮಿತ್ ಅಂಡ್ ವೆಸನ್ ಮತ್ತೆ ವಿಂಚೆಸ್ಟರ್ ಸೇರಿ 357 ಮ್ಯಾಗ್ನಮ್ ತಂದಾಗ 158 ಗ್ರೇನ್ ಗುಂಡಿಗೆ ಹೇಳಿದ ವೇಗ ಹೆಚ್ಚುಕಮ್ಮಿ ಅಷ್ಟೇ, ಆದ್ರೆ ಅದು ಎಂಟೂಮುಕ್ಕಾಲು ಇಂಚಿನ ನಳಿಗೆಯಲ್ಲಿ. ಈಗಿನ ಫ್ಯಾಕ್ಟರಿ ತೋಟಾ ಡಬ್ಬದ ಮೇಲೆ 158 ಗ್ರೇನಿಗೆ ಸಾಮಾನ್ಯವಾಗಿ ಇರೋದು 1,235, ಅದು ನಾಲ್ಕಿಂಚಿನ ಲೆಕ್ಕ. ಎರಡಿಂಚು ಆಸುಪಾಸಿನ ನಳಿಗೆಗೆ ಬಂದ್ರೆ ಸಾವಿರದಿಂದ ಸಾವಿರದ ನೂರರೊಳಗೆ ಎಲ್ಲೋ ನಿಲ್ಲತ್ತೆ. ರಿವಾಲ್ವರಲ್ಲಿ ನಳಿಗೆ ಉದ್ದ ಅಳೆಯೋದು ಸಿಲಿಂಡರಿನ ಮುಂದಿನಿಂದ, ಜೊತೆಗೆ ಸಿಲಿಂಡರಿಗೂ ನಳಿಗೆಗೂ ನಡುವೆ ಸಣ್ಣ ಸಂದು ಬೇರೆ, ಅಲ್ಲಿಂದಾನೂ ಗ್ಯಾಸ್ ಹೋಗತ್ತೆ. ನಮ್ಮ ಗನ್ನಿಗೆ ಫೀಲರ್ ಗೇಜ್ ಹಾಕಿ ನೋಡಿದೆ, 0.005 ಇಂಚು, ಒಳ್ಳೇದೇ.

ಇಲ್ಲಿ ಬಹಳ ಜನ ಹೇಳೋ ಒಂದು ಮಾತಿದೆ, ಗಿಡ್ಡ ನಳಿಗೆಗೆ ಬೇಗ ಉರಿಯೋ ಮದ್ದು ಹಾಕಿದ್ರೆ ವೇಗ ಜಾಸ್ತಿ ಬರತ್ತೆ ಅಂತ. ಅದು ಸರಿಯಲ್ಲ. ಎಚ್110 ಥರ ನಿಧಾನ ಉರಿಯೋ ಮದ್ದು ಉದ್ದ ನಳಿಗೆಯಲ್ಲಿ ಗೆದ್ರೆ ಗಿಡ್ಡ ನಳಿಗೆಯಲ್ಲೂ ಸಾಮಾನ್ಯವಾಗಿ ಅದೇ ಗೆಲ್ಲೋದು, ಗೆಲುವಿನ ಅಂತರ ಕಮ್ಮಿ ಆಗತ್ತೆ ಅಷ್ಟೆ. ಹಾಗಾದ್ರೆ ಅದನ್ನೇ ಹಾಕೋಣ ಅಂತ ಷಡ್ಕ. ಸಮಸ್ಯೆ ಇರೋದು ಆ ಸ್ವಲ್ಪ ವೇಗಕ್ಕೆ ಏನೇನು ತೆರಬೇಕು ಅನ್ನೋದ್ರಲ್ಲಿ, ಅದನ್ನ ಬಾಯಲ್ಲಿ ಹೇಳಿದ್ರೆ ಅವನು ಕೇಳಲ್ಲ, ಹೊಡೆದೇ ನೋಡ್ಬೇಕು ಅಂತ ನಾನೇ ಮ್ಯಾನ್ಯುಯಲ್ ಪ್ರಕಾರ, ಸರಿಯಾಗಿ ಟ್ರಿಮ್ ಮಾಡಿ, ಗಟ್ಟಿ ರೋಲ್ ಕ್ರಿಂಪ್ ಹಾಕಿ, ಮ್ಯಾಗ್ನಮ್ ಪ್ರೈಮರಲ್ಲಿ ಎಚ್110 ತೋಟಾ 25 ಮಾಡ್ದೆ.

ಗುಂಡಿನ ವೇಗ ಅಳೆಯೋ ಕ್ರೋನೋಗ್ರಾಫಲ್ಲಿ ಸರಾಸರಿ ಸುಮಾರು 1,100 ಬಂತು, ಅಂಕಿ ಚೆನ್ನಾಗೇ ಇದೆ. ಸಂಜೆ ಹೊತ್ತು, ಪ್ರತಿ ಈಡಿಗೂ ನಳಿಗೆ ಮುಂದೆ ಫುಟ್‌ಬಾಲಷ್ಟು ದೊಡ್ಡ ಬೆಂಕಿ ಉಂಡೆ, ಗಿಡ್ಡ ನಳಿಗೆಯಿಂದ ಇನ್ನೂ ಜಾಸ್ತಿ ಒತ್ತಡದಲ್ಲಿ ಬರೋ ಬಿಸಿ ಗ್ಯಾಸು ಹೊರಗಿನ ಗಾಳಿ ತಾಗಿ ಹೊತ್ಕೊಂಡು ಉರೀತಿದೆ. ಮುಸ್ಸಂಜೆ ಕಾಡಲ್ಲಿ ಇದನ್ನ ಹೊಡೆದ್ರೆ ಮುಂದಿನ ಕೆಲವು ಸೆಕೆಂಡು ಕಣ್ಣಿಗೆ ಏನೂ ಕಾಣಲ್ಲ. ಶಬ್ದ 160 ಡೆಸಿಬಲ್ ಮೇಲೆ, ನಾವು ಕಿವಿಯೊಳಗೆ ಪ್ಲಗ್ ಹಾಕಿ ಅದರ ಮೇಲೆ ಮಫ್ ಹಾಕಿದ್ವಿ, ಇದಕ್ಕೆ ಒಂದೇ ಸಾಲಲ್ಲ. ನಾದಿನಿ ಎರಡು ಹೊಡೆದು ಗನ್ನು ಟೇಬಲ್ ಮೇಲಿಟ್ಟು, "ಭಾವ, ಇದು ನನ್ನ ಕೈಲಿ ಆಗಲ್ಲ, ನೋವಿಗಲ್ಲ, ಮುಂದಿನದು ಎಲ್ಲಿಗೆ ಹೋಗತ್ತೋ ನಂಗೇ ಗೊತ್ತಾಗ್ತಿಲ್ಲ" ಅಂದ್ಲು. ಅವಳು ಹೇಳಿದ ಆ ಮಾತೇ ಈ ಇಡೀ ಪ್ರಕರಣದ ತಿರುಳು ಅಂತ ನನಗೆ ಅವತ್ತೇ ಅನ್ನಿಸ್ತು. ಷಡ್ಕ ಏನೂ ಹೇಳ್ಲಿಲ್ಲ, ಆದ್ರೆ ನಾನು ಅವನಿಗೆ ಗೊತ್ತಿಲ್ದ ಹಾಗೆ ಒಂದು ಖಾಲಿ ಕೇಸು ನಡುವೆ ಹಾಕಿ ಕೊಟ್ಟಿದ್ದೆ, ಅದರ ಸರದಿ ಬಂದಾಗ ಈಡೇ ಇಲ್ಲ ಆದ್ರೂ ನಳಿಗೆ ಒಂದು ಗೇಣು ಕೆಳಕ್ಕೆ ಬಗ್ಗಿತು. ಒದೆತ ಬರೋಕೆ ಮೊದಲೇ ಕೈ ಹೆದರ್ಕೊಂಡು ತಳ್ತಾ ಇತ್ತು.

ಇನ್ನೂ ಎರಡು ವಿಷಯ ಅವತ್ತು ಕಂಡಿದ್ದು, ಇದನ್ನ ಅಂಕಿ ನೋಡೋರು ಯಾರೂ ಹೇಳಲ್ಲ. ಒಂದು, ಗಿಡ್ಡ ನಳಿಗೆ ಅಂದ್ರೆ ಅದರ ಕೆಳಗಿನ, ಖಾಲಿ ಕೇಸು ಹೊರಗೆ ತಳ್ಳೋ ಎಜೆಕ್ಟರ್ ರಾಡೂ ಗಿಡ್ಡ, ಮ್ಯಾಗ್ನಮ್ ಕೇಸು ಪೂರ್ತಿ ಹೊರಗೆ ಬರೋಷ್ಟು ಅದು ತಳ್ಳಲ್ಲ. ಕಮ್ಮಿ ಪ್ರೆಷರ್ ತೋಟಾ ಆದ್ರೆ ಕೇಸು ಸಡಿಲ ಇರೋದ್ರಿಂದ ಬೀಳತ್ತೆ, ಫುಲ್ ಲೋಡ್ ಆದ್ರೆ ಹಿತ್ತಾಳೆ ಹಿಗ್ಗಿ ಚೇಂಬರಿಗೆ (ಸಿಲಿಂಡರಲ್ಲಿ ತೋಟಾ ಕೂರೋ ತೂತಿಗೆ) ಕಚ್ಕೊಂಡು ಅರ್ಧಕ್ಕೆ ನಿಲ್ಲತ್ತೆ, ಉಗುರಲ್ಲಿ ಒಂದೊಂದೇ ಕೀಳ್ಬೇಕು. ಎರಡು, ಉರಿಯದೆ ಉಳಿದ ಮದ್ದಿನ ಕಾಳು. ಗನ್ನು ಅಡ್ಡ ಹಿಡ್ಕೊಂಡು ಖಾಲಿ ಮಾಡಿದಾಗ ಎರಡು ಮೂರು ಕಾಳು ಎಜೆಕ್ಟರಿನ ನಕ್ಷತ್ರದ, ಅಂದ್ರೆ ಕೇಸುಗಳ ಅಂಚು ಹಿಡಿದು ತಳ್ಳೋ ನಕ್ಷತ್ರದಾಕಾರದ ಭಾಗದ, ಕೆಳಗೆ ಸೇರ್ಕೊಂಡ್ವು, ನಕ್ಷತ್ರ ಪೂರ್ತಿ ಕೂರ್ಲಿಲ್ಲ, ಸಿಲಿಂಡರ್ ಮುಚ್ಚಿದ್ರೆ ಬಿಗಿ. ಸಾಸಿವೆಗಿಂತ ಸಣ್ಣ ಕಾಳು, ಹಲ್ಲುಜ್ಜೋ ಬ್ರಷ್ಷಲ್ಲಿ ಒರೆಸಿದ್ಮೇಲೇ ಗನ್ನು ತಿರುಗಿದ್ದು. ಅವತ್ತಿಂದ ಮೂತಿ ನೆಟ್ಟಗೆ ಆಕಾಶಕ್ಕೆ ಮಾಡಿ ರಾಡಿಗೆ ಒಂದೇ ಏಟು ಕೊಡೋದು ಅಭ್ಯಾಸ ಮಾಡಿದ್ವಿ.

ಎಚ್110ನೇ ಸ್ವಲ್ಪ ಕಮ್ಮಿ ಹಾಕಿ ಮೆತ್ತಗೆ ಮಾಡ್ಬಹುದಲ್ವಾ ಅಂತ ಷಡ್ಕ ಕೇಳ್ದ. ಆಗಲ್ಲ. ಅದನ್ನ ಹಾಗೆ ಇಳಿಸೋ ಹಾಗಿಲ್ಲ, ಮ್ಯಾನ್ಯುಯಲ್ ಅಂಕಿಯಿಂದ ಶೇಕಡಾ 3ಕ್ಕಿಂತ ಜಾಸ್ತಿ ಇಳಿಸಬೇಡಿ ಅಂತ ಆ ಮದ್ದಿನ ಕಂಪನಿ ಹಾಜ್‌ಡನ್‌ನವರೇ ಎಚ್ಚರಿಕೆ ಕೊಟ್ಟಿದಾರೆ, ವಿಂಚೆಸ್ಟರ್ 296 ಅನ್ನೋ ಮದ್ದಿಗೂ ಇದೇ ಮಾತು. ಕಮ್ಮಿ ಹಾಕಿದ್ರೆ ಸರಿಯಾಗಿ ಹೊತ್ಕೊಳ್ಳದೆ ಗುಂಡು ನಳಿಗೆಯೊಳಗೇ ನಿಲ್ಲಬಹುದು, ಅದು ಗೊತ್ತಾಗದೆ ಮುಂದಿನದು ಹೊಡೆದ್ರೆ ನಳಿಗೆ ಹೋಯ್ತು, ಕೈಯೂ ಹೋಗಬಹುದು.

125 ಗ್ರೇನ್ ಹಗುರ ಗುಂಡು ನೋಡಿದ್ವಿ, ಬೇಗ ಬಿಟ್ವಿ. ಕಾಡಲ್ಲಿ ಬಳಸೋಕೆ ಆಳಕ್ಕೆ ನುಗ್ಗೋ ಗುಂಡು ಬೇಕು, ಬಿರಿಯೋದಲ್ಲ. ಹಗುರ ಗುಂಡು ನಿಧಾನ ಮದ್ದು ಸೇರಿದ್ರೆ ನಳಿಗೆ ಬುಡದ ಫೋರ್ಸಿಂಗ್ ಕೋನಿಗೂ ಒಳ್ಳೇದಲ್ಲ, ಸ್ಮಿತ್ ಅಂಡ್ ವೆಸನ್ನಿನ ಹಳೇ ಮಾಡೆಲ್ 19 ಗನ್ನುಗಳಲ್ಲಿ ಅಲ್ಲೇ ಸೀಳು ಬಿಡ್ತಿದ್ದದ್ದು.

38 ಸ್ಪೆಷಲ್ ತೋಟಾ ಈ ಗನ್ನಲ್ಲಿ ಹಾಕಬಹುದು, ಗುಂಡಿನ ಅಳತೆ ಒಂದೇ, ಕೇಸು ಮಾತ್ರ 0.135 ಇಂಚು ಗಿಡ್ಡ. ಪ್ರೆಷರ್ ಮಿತಿ 38ಕ್ಕೆ 17,000 ಪಿಎಸ್‌ಐ, 357ಕ್ಕೆ 35,000. ನಾದಿನಿ ಅಭ್ಯಾಸಕ್ಕೆ ಮೊದಮೊದಲು ಅದೇ ಹೊಡೆದಿದ್ದು. ಆದ್ರೆ ಗಿಡ್ಡ ಕೇಸಿನ ಮುಂದೆ ಚೇಂಬರಲ್ಲಿ ಮಸಿಯ ಉಂಗುರ ಕಟ್ಟತ್ತೆ, ಅದನ್ನ ಉಜ್ಜಿ ತೆಗೀದೆ ಆಮೇಲೆ ಮ್ಯಾಗ್ನಮ್ ಹಾಕಿದ್ರೆ ಕೂರೋದೇ ಕಷ್ಟ. ಹಾಗಾಗಿ ಮೆತ್ತಗಿನದೂ ಸರಿ, ಗಟ್ಟಿದೂ ಸರಿ, ಈ ಗನ್ನಿಗೆ ಮ್ಯಾಗ್ನಮ್ ಕೇಸಲ್ಲೇ ತುಂಬೋದು ಅಂತ ತೀರ್ಮಾನ ಮಾಡಿದ್ವಿ.

ಕೊನೆಗೆ ಆರಿಸಿದ್ದು 158 ಗ್ರೇನಿನ ಸೀಸದ ಎರಕದ ಗುಂಡು, ಮೂತಿ ಚಪ್ಪಟೆ, ಭುಜ ಚೂಪು, ಸೆಮಿ ವಾಡ್‌ಕಟರ್ ಅಂತಾರಲ್ಲ ಅದು, ಜೊತೆಗೆ ನಡುವೇಗದಲ್ಲಿ ಉರಿಯೋ ಯುನೀಕ್ ಮದ್ದು. ಎರಕದ ಗುಂಡಲ್ಲಿ ಕ್ರಿಂಪಿಗೆ ಅಂತಾನೇ ಆಳವಾದ ತೋಡು ಇರತ್ತೆ, ತಾಮ್ರದ ಜಾಕೆಟ್ ಗುಂಡಿನ ಗೀರು ಪಟ್ಟಿಗಿಂತ ಅದು ಎಷ್ಟೋ ಮೇಲು. ಯುನೀಕ್ ಹಾಕೋಕೆ ನನ್ನ ಕಾರಣ ಸ್ವಲ್ಪ ಬೇರೆ. ಬುಲ್ಸ್‌ಐ, ಟೈಟ್‌ಗ್ರೂಪ್ ಥರದ ಬೇಗ ಉರಿಯೋ ಮದ್ದು ಮ್ಯಾಗ್ನಮ್ ಕೇಸಿನ ತಳದಲ್ಲಿ ಒಂದಿಷ್ಟೇ ಜಾಗ ಹಿಡಿಯತ್ತೆ, ಮರೆತು ಎರಡು ಸಲ ಹಾಕಿದ್ರೂ ಕಣ್ಣಿಗೆ ಬೀಳಲ್ಲ, ಅದೊಂದೇ ಸಾಕು ಗನ್ನು ಒಡೆಯೋಕೆ. ಯುನೀಕ್ ಪದರ ಪದರವಾಗಿ ಉಬ್ಬಿರೋ ಮದ್ದು, ಎರಡು ಸಲ ಬಿದ್ರೆ ಕೇಸಲ್ಲಿ ಎಷ್ಟೋ ಮೇಲಕ್ಕೆ ಬಂದು ಕಣ್ಣಿಗೆ ಬೀಳತ್ತೆ. ಅಳೆಯೋ ಯಂತ್ರದಲ್ಲಿ ಅಷ್ಟು ಸಲೀಸಾಗಿ ಬೀಳಲ್ಲ ಅನ್ನೋದು ನಿಜ, ಹತ್ತಕ್ಕೊಂದು ತೂಕ ಹಾಕಿ ನೋಡ್ತೀನಿ. 50 ಕೇಸು ಬ್ಲಾಕಲ್ಲಿ ನಿಲ್ಲಿಸಿ ಟಾರ್ಚ್ ಹಿಡಿದು ಒಂದೊಂದರ ಒಳಗೂ ಬಗ್ಗಿ ನೋಡದೆ ನಾನು ಒಂದು ಗುಂಡೂ ಕೂರಿಸಲ್ಲ.

ಮ್ಯಾನ್ಯುಯಲ್ಲಿನ ಕೆಳಗಿನ ಅಂಕಿಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಏರಿಸ್ತಾ ಹೋದ್ವಿ, 920 ಅಡಿ ಹತ್ರ ಬಂದಾಗ ನಿಲ್ಲಿಸಿದ್ವಿ, ಮೇಲಿನ ಮಿತಿ ಇನ್ನೂ ದೂರ ಇತ್ತು. ಯಾಕೆ ಅಲ್ಲೇ ನಿಲ್ಲಿಸಿದ್ದು ಅಂದ್ರೆ, ಲೆಕ್ಕ ಹಾಕಿ ನೋಡಿ. 1,100ರಿಂದ 920ಕ್ಕೆ ಇಳಿದಾಗ ಗುಂಡಿನ ಶಕ್ತಿ 425 ಫುಟ್ ಪೌಂಡಿಂದ 297ಕ್ಕೆ ಇಳಿಯತ್ತೆ, ಸುಮಾರು ಶೇಕಡಾ 30 ಹೋಯ್ತು. ಆದ್ರೆ ಈ ತೂಕದ ಗನ್ನಲ್ಲಿ ಒದೆತದ ಶಕ್ತಿ 11ರ ಆಸುಪಾಸಿಂದ 6ರ ಆಸುಪಾಸಿಗೆ ಬರತ್ತೆ, ಹೆಚ್ಚುಕಮ್ಮಿ ಅರ್ಧ. ಒದೆತ ಕೊಡೋದು ಗುಂಡೊಂದೇ ಅಲ್ಲ, ಗುಂಡಿನ ಹಿಂದೆ ಹೋಗೋ ಗ್ಯಾಸೂ ಒದೆಯತ್ತೆ, ಅದರ ತೂಕ ಅಂದ್ರೆ ಹಾಕಿದ ಮದ್ದಿನ ತೂಕವೇ, ಅದೂ ಗುಂಡಿಗಿಂತ ಎಷ್ಟೋ ವೇಗದಲ್ಲಿ ಹೋಗತ್ತೆ. ನಿಧಾನ ಮದ್ದು ತುಂಬಾ ಹಾಕ್ಬೇಕು, ಯುನೀಕ್ ಅದರ ಅರ್ಧಕ್ಕಿಂತ ಕಮ್ಮಿ ಸಾಕು. ಅದಕ್ಕೇ ಕೊಟ್ಟದ್ದಕ್ಕಿಂತ ಸಿಕ್ಕಿದ್ದು ಜಾಸ್ತಿ.

ಏಳು ಗಜ ದೂರಕ್ಕೆ ಊಟದ ಪೇಪರ್ ಪ್ಲೇಟ್ ಇಟ್ಟು ಇಬ್ಬರಿಗೂ ಐದೈದು ಹೊಡೆಸಿದ್ವಿ, ಹ್ಯಾಮರ್ ಎತ್ತದೆ ಟ್ರಿಗರ್ ಮಾತ್ರ ಎಳೆದು, ಬೇಗ. ಎಚ್110 ತೋಟಾದಲ್ಲಿ ಷಡ್ಕನದು ಎರಡು ಪ್ಲೇಟಿಗೆ, ನಾದಿನಿ ಹೊಡೀಲೇ ಇಲ್ಲ. ಹೊಸ ತೋಟಾದಲ್ಲಿ ಷಡ್ಕ ಐದೂ, ನಾದಿನಿ ನಾಲ್ಕು. ಅವಳ ಐದನೇದೂ ಪ್ಲೇಟಿನ ಅಂಚಿಗೆ ಎರಡು ಬೆರಳಷ್ಟು ಆಚೆ. ಕೇಸುಗಳು ಒಂದೇ ಏಟಿಗೆ ನೆಲಕ್ಕೆ ಬಿದ್ವು.

ಮದ್ದು ಕೇಸಿನ ಮುಂದೆ ಇದೆಯೋ ಹಿಂದೆ ಇದೆಯೋ ಅನ್ನೋದೂ ನೋಡಿದ್ವಿ, ಯಾಕಂದ್ರೆ ಕೇಸಲ್ಲಿ ಖಾಲಿ ಜಾಗ ಇದ್ರೆ ಇದು ಲೆಕ್ಕಕ್ಕೆ ಬರತ್ತೆ, ಸೊಂಟದ ಚೀಲದಿಂದ ಗನ್ನು ತೆಗೆದಾಗ ಮೂತಿ ಕೆಳಗಿರತ್ತೆ ಮದ್ದು ಗುಂಡಿನ ಕಡೆ ಜಾರಿರತ್ತೆ. ಮೂತಿ ಕೆಳಗೆ ಮಾಡಿ ನಿಧಾನ ಎತ್ತಿ ಹೊಡೆದ್ರೆ ಕ್ರೋನೋದಲ್ಲಿ 40 ಅಡಿ ಕಮ್ಮಿ ತೋರಿಸ್ತು. ಅಷ್ಟಕ್ಕೆ ತೊಂದ್ರೆ ಇಲ್ಲ.

ಕರಡಿಗೆ ಸಾಕಾ ಅಂತ ಕೇಳ್ತೀರ. ಇದು ದೊಡ್ಡ ಗನ್ನಲ್ಲ, ಗಟ್ಟಿ ಚಪ್ಪಟೆ ಗುಂಡು ಬಿರಿಯದೆ ಆಳಕ್ಕೆ ಹೋಗತ್ತೆ ಅನ್ನೋದಷ್ಟೇ ಇದರ ಬಲ, ಸರಿಯಾದ ಜಾಗಕ್ಕೆ ಬಿದ್ರೆ. ಮೊದಲು ಕೈಗೆ ಬರಬೇಕಾದದ್ದು ಬೇರ್ ಸ್ಪ್ರೇ, ಅವರಿಬ್ಬರ ಬ್ಯಾಗಿನ ಭುಜದ ಪಟ್ಟಿಯಲ್ಲಿ ಈಗ ಒಂದೊಂದಿದೆ. ಮನೆಯೊಳಗಿನ ರಕ್ಷಣೆಗೆ ಮಾತ್ರ ನಾನು ಹ್ಯಾಂಡ್‌ಲೋಡ್ ಬೇಡ ಅಂತ ಖಡಾಖಂಡಿತವಾಗಿ ಹೇಳ್ದೆ. ಮನುಷ್ಯರ ಮೇಲೆ ಈಡು ಬಿದ್ದ ಪ್ರಕರಣ ಕೋರ್ಟಿಗೆ ಹೋದಾಗ ಎಷ್ಟು ದೂರದಿಂದ ಬಿತ್ತು ಅನ್ನೋದನ್ನ ಬಟ್ಟೆ ಮೇಲಿನ ಮದ್ದಿನ ಕಲೆಯಿಂದ ಲೆಕ್ಕ ಹಾಕ್ತಾರೆ, ಫ್ಯಾಕ್ಟರಿ ತೋಟಾ ಆದ್ರೆ ಅಂಥದ್ದೇ ತಂದು ಲ್ಯಾಬಲ್ಲಿ ಹೊಡೆದು ತಾಳೆ ನೋಡಬಹುದು, ನೀವೇ ತುಂಬಿದ್ದಾದ್ರೆ ಒಳಗೆ ಇಷ್ಟೇ ಇತ್ತು ಅನ್ನೋದಕ್ಕೆ ನಿಮ್ಮ ನೋಟ್‌ಬುಕ್ ಬಿಟ್ರೆ ಸಾಕ್ಷಿ ಇಲ್ಲ. ಮನೆಗೆ ಅಂತ ಫ್ಯಾಕ್ಟರಿ 38 ಪ್ಲಸ್ ಪಿ (ಮಾಮೂಲಿ 38ಕ್ಕಿಂತ ಸ್ವಲ್ಪ ಜಾಸ್ತಿ ಪ್ರೆಷರಿನದು) ಒಂದು ಡಬ್ಬ, ಚೇಂಬರ್ ಉಜ್ಜೋ ಬ್ರಷ್ಷು ಅದರ ಪಕ್ಕದಲ್ಲೇ.

ಕೊನೆ ಪರೀಕ್ಷೆ ಐದನೇ ತೋಟಾದ್ದು. ಐದು ತುಂಬಿ, ಒಂದರ ತಳಕ್ಕೆ ಮಾರ್ಕರಲ್ಲಿ ಗೀಟು ಎಳೆದು ಉದ್ದ ಬರ್ಕೊಂಡ್ವಿ, 1.580 ಇಂಚು. ನಾಲ್ಕು ಹೊಡೆಯೋದು, ಗೀಟಿನದನ್ನ ತೆಗೆದು ಅಳೆಯೋದು, ಅದನ್ನೇ ವಾಪಸ್ ಹಾಕಿ ಮತ್ತೆ ನಾಲ್ಕು. ನಾದಿನಿಯೇ ಕ್ಯಾಲಿಪರ್ ಹಿಡಿದಿದ್ಲು. ನಾಲ್ಕಾದ್ಮೇಲೆ 1.580, ಎಂಟಾದ್ಮೇಲೆ 1.580, ಹನ್ನೆರಡಾದ್ಮೇಲೆ 1.581, ಹದಿನಾರಾದ್ಮೇಲೂ ಅದೇ. ಸಿಲಿಂಡರ್ ಬೆರಳಲ್ಲಿ ತಿರುಗಿಸಿದ್ರೆ ಸಲೀಸಾಗಿ ಸುತ್ತಿತು. ಡಬ್ಬದ ಮೇಲೆ ಈಗ ಮದ್ದು, ತೂಕ, ಪ್ರೈಮರ್, ಗುಂಡು, ಕೇಸು ಎಷ್ಟನೇ ಸಲ ತುಂಬಿದ್ದು, ತಾರೀಖು ಎಲ್ಲಾ ಇದೆ, ಕೆಳಗೆ ಅವಳ ಕೈಬರಹದಲ್ಲಿ 'ಈ ಗನ್ನಿಗೆ ಮಾತ್ರ, ಯಾರಿಗೂ ಕೊಡಬೇಡಿ' ಅಂತ. ಜನವರಿಯಲ್ಲಿ ರಿಮ್ ಮೇಲೆ ಹಿಮ ಬಿದ್ದಾಗ ಕ್ರೋನೋ ತಗೊಂಡು ಹೋಗಿ ಚಳಿಯಲ್ಲಿ ಎಷ್ಟು ಇಳಿಯತ್ತೆ ಅಂತ ನೋಡೋದು ಒಂದು ಬಾಕಿ ಇದೆ.